ಆರುನೂರ ಒಂದನೆಯ ಲಕೋಟೆ

"ಮುಟ್ಟಬೇಡಿ!"

ಪ್ರಯೋಗಾಲಯದ ಬಾಗಿಲಲ್ಲಿ, ಔಷಧಿ ಪರೀಕ್ಷೆ ನೋಡಿಕೊಳ್ಳಲು ಹೊಸದಾಗಿ ಬಂದ ಲೆಕ್ಕದ ಮೇಷ್ಟ್ರು ನಿಂತಿದ್ದ. ಡಾಕ್ಟರಮ್ಮನ ಕೈ ಲಕೋಟೆಯ ಮೇಲೆಯೇ ನಿಂತಿತು.

"ಔಷಧಿ ಕಂಡುಹಿಡಿದಿದ್ದು ನಾನು. ಯಾವ ಮಗುವಿಗೆ ಹೊಸದು, ಯಾವ ಮಗುವಿಗೆ ಹಳೇದು ಅಂತ ನನಗೇ ಗೊತ್ತಾಗಬಾರದಾ?"

"ನಿಮಗಂತೂ ಗೊತ್ತಾಗಲೇಬಾರದು. ಆಸೆಗಣ್ಣಿಗೆ ಬೇಕಾದ್ದೇ ಕಾಣುತ್ತೆ. ಪರೀಕ್ಷೆ ಮುಗಿಯೋವರೆಗೂ ಮೊಹರು ಒಡೆಯೋ ಹಾಗಿಲ್ಲ."

ಎಲಾ ಇವನ! ಅವಳಿಗೆ ಮೈಯೆಲ್ಲ ಉರಿಯಿತು. 'ಲಕೋಟೆ ಮಹಾರಾಯ' ಎಂದು ಅಂದೇ ಹೆಸರಿಟ್ಟಳು.

ಜ್ವರ ಇಳಿದ ಮೇಲೆ ಹೃದಯ ಸೋಲುವ ಮಕ್ಕಳಿಗಾಗಿ ಮಾಡಿದ ಔಷಧಿ ಅದು. ಆರುನೂರು ಮಕ್ಕಳು, ಯಾರಿಗೆ ಯಾವ ಔಷಧಿ ಎಂದು ಬರೆದಿಟ್ಟ ಆರುನೂರು ಲಕೋಟೆ, ಹತ್ತು ವರ್ಷದ ಪರೀಕ್ಷೆ. ಮೊದಲ ವರ್ಷವೆಲ್ಲ ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಜಗಳವಾಡಿದರು, ಮರೆತು ಒಬ್ಬರ ಟೀ ಇನ್ನೊಬ್ಬರು ಕುಡಿದರು.

ಒಂದು ಮಧ್ಯಾಹ್ನ ಅವನು ಮೊಹರು ಹಾಕಿದ ಲಕೋಟೆಯೊಂದನ್ನು ಅವಳ ಕೈಗಿಟ್ಟು, ಮಾತಾಡದೆ ಹೊರಟುಹೋದ. ಕಿವಿ ಕೆಂಪಾಗಿತ್ತು.

ಪರೀಕ್ಷೆಯದೇ ಇರಬೇಕು ಎಂದುಕೊಂಡು ಅವಳು ಅದನ್ನೂ ಉಳಿದ ಲಕೋಟೆಗಳಿದ್ದ ಕಬ್ಬಿಣದ ಪೆಟ್ಟಿಗೆಗೆ ಸೇರಿಸಿ ಬೀಗ ಹಾಕಿದಳು. ಕಲಿತ ಪಾಠ ಅಷ್ಟು ಗಟ್ಟಿಯಾಗಿತ್ತು!

ತಿಂಗಳೊಳಗೆ ಅವನು ದೂರದ ಊರಿನ ಕೆಲಸಕ್ಕೆ ಹೋಗಿಬಿಟ್ಟ. 'ಒಂದು ಮಾತೂ ಹೇಳದೆ...' ಅವಳು ಅತ್ತಳು. ಆಮೇಲೆ ಕೆಲಸದಲ್ಲಿ ಮುಳುಗಿದಳು. ವಿಭಾಗದ ಮುಖ್ಯಸ್ಥೆಯಾದಳು, ಕೊನೆಗೆ ವಿಶ್ವವಿದ್ಯಾಲಯದ ಕುಲಪತಿಯೂ ಆದಳು.

ಮೊಹರು ಹಾಕಿದವನ ಎದುರಿಗೇ ಲಕೋಟೆ ಒಡೆಯಬೇಕೆಂಬುದು ನಿಯಮ. ಹಾಗಾಗಿ ಹತ್ತನೆಯ ವರ್ಷ ಅವನು ಬಂದ. ಕೂದಲು ನರೆತಿತ್ತು.

ಮಧ್ಯಾಹ್ನದ ಹೊತ್ತಿಗೆ ಲೆಕ್ಕ ಮುಗಿಯಿತು. ಹಳೆಯದು ಪಡೆದ ಮುನ್ನೂರರಲ್ಲಿ ಇನ್ನೂರು; ಹೊಸ ಔಷಧಿ ಪಡೆದ ಮುನ್ನೂರು ಮಕ್ಕಳಲ್ಲಿ ಇನ್ನೂರ ತೊಂಬತ್ತಾರು ಹೃದಯಗಳು ಗಟ್ಟಿಯಾಗಿದ್ದವು!

ಅವಳಿಗೆ ಕೈಮುಗಿಯಬೇಕೆನಿಸಿತು, ಯಾರಿಗೆ ಎಂದು ತಿಳಿಯಲಿಲ್ಲ. ಕೋಣೆಯಲ್ಲಿದ್ದ ಉಳಿದವರು ಸುದ್ದಿ ಹೇಳಲು ಓಡಿದರು.

ಪೆಟ್ಟಿಗೆಯ ತಳದಲ್ಲಿ ಇನ್ನೊಂದು ಲಕೋಟೆ ಇತ್ತು.

"ಇದ್ಯಾವ ಮಗುದು?"

ಅವನ ಮುಖ ಬಿಳುಚಿತು. ಅವಳು ಒಡೆದು ಓದಿದಳು.

'ನಿಮ್ಮ ಜೊತೆಗೇ ಬಾಳಬೇಕು ಅನ್ನಿಸಿದೆ. ಒಪ್ಪಿಗೆ ಇಲ್ಲದಿದ್ದರೆ ಉತ್ತರ ಬೇಡ. ನಾನೇ ದೂರ ಹೋಗುತ್ತೇನೆ.'

"ಒಂಬತ್ತು ವರ್ಷ... ನೀವಿದನ್ನ ಓದೇ ಇಲ್ವಾ?"

"ಒಡೆಯಬೇಡಿ ಅಂತ ಕಲಿಸಿದ್ದು ಯಾರು, ಮಹಾರಾಯ?" ಅವಳು ನಗುತ್ತಲೇ ಅತ್ತಳು. "ಮನೇಲಿ... ಯಾರಿದ್ದಾರೆ?"

"ಯಾರೂ ಇಲ್ಲ. ನಿಮಗೆ?"

"ಈ ಆರುನೂರು ಮಕ್ಕಳನ್ನ ಬಿಟ್ಟರೆ, ಯಾರೂ ಇಲ್ಲ."

ಅವನು ಅವಳ ಮುಖವನ್ನೇ ನೋಡಿದ. "ನಿಮ್ಮ ಕಣ್ಣಲ್ಲಿ ಒಪ್ಪಿಗೆ ಕಾಣ್ತಿದೆ. ಆದರೆ ನಂದು ಆಸೆಗಣ್ಣು... ನಂಬಬಹುದಾ?"

ಅವಳು ಅವನ ಕೈ ಹಿಡಿದಳು.

"ಇದೊಂದು ಸಲ ನಂಬಿ."