ಚಹಾ ನೀವ ಮಾಡ್ರಿ, ನಾ ನೋಡ್ತೇನಿ

"ಚಹಾ ನೀವ ಮಾಡ್ರಿ. ನಾ ಇಲ್ಲೇ ನಿಂತು ನೋಡ್ತೇನಿ."

ಅಡುಗೆಮನೆಯ ಬಾಗಿಲಲ್ಲಿ ನಿಂತವನು ಹೀಗೆಂದಾಗ ಮಹಾನಂದಾ ಎತ್ತಿಕೊಂಡಿದ್ದ ಬೋಗುಣಿಯನ್ನು ಕೆಳಗಿಟ್ಟಳು. ಇದೆಂಥ ವರ? ಹುಡುಗಿ ನೋಡಲು ಬಂದವರು ಪಡಸಾಲೆಯಲ್ಲಿ ಕುಳಿತು ಅವಲಕ್ಕಿ ತಿನ್ನುವುದು ಬಿಟ್ಟು ಒಲೆಯ ತನಕ ಬರುತ್ತಾರೆಯೇ?

ಈ ಗುರುವಾರ ಬಾಗಲಕೋಟೆಯಿಂದ ವರ ಬರುತ್ತಾನೆಂದು ಅವಳ ಅವ್ವ ಗುರುಸಿದ್ದವ್ವ ಇಳಕಲ್ಲಿನ ಓಣಿಗೆಲ್ಲ ಸಾರಿಬಿಟ್ಟಿದ್ದಳು. ಚೀಲ ಹಿಡಿದು ಹೊಸ್ತಿಲಿಗೆ ಬಂದ ಹುಡುಗ, "ನಾ ವಿಜಯಮಹಾಂತೇಶ ಅಂತ, ಬಾಗಲಕೋಟಿಯಿಂದ..." ಎನ್ನುವಷ್ಟರಲ್ಲಿ, "ಎಲ್ಲಾ ಗೊತ್ತೈತಿ, ಒಳಗ ಬರ್ರಿ" ಎಂದು ಎಳೆದು ಕೂಡಿಸಿದ್ದಳು. ಗುರುಸಿದ್ದವ್ವನ ಮುಂದೆ ಮಾತು ಮುಗಿಸಿದವರು ಆ ಓಣಿಯಲ್ಲಿ ಇನ್ನೂ ಹುಟ್ಟಿಲ್ಲ ಬಿಡಿ.

ಮಹಾನಂದಾಳಿಗೆ ಅವ್ವ ಮೊದಲೇ ತಾಕೀತು ಮಾಡಿದ್ದಳು. "ಬಲಗೈ ಸುದ್ದಿ ಎತ್ತಬ್ಯಾಡ. ಒಂದು ತಾಸು ತಡಕೋ."

ವರ್ಷದ ಹಿಂದೆ ಅಮೀನಗಡದ ದಾರಿಯಲ್ಲಿ ಹಿಂದಿನಿಂದ ಲಾರಿ ಗುದ್ದಿ ಅವಳು ಕುಳಿತಿದ್ದ ಟಂಟಂ ಆಟೋ ಮಗುಚಿ, ಆ ಕೈಯ ಹೆಬ್ಬೆರಳು, ತೋರುಬೆರಳು ಜಜ್ಜಿ ಹೋಗಿದ್ದವು. ಅವಳು ಸೀರೆ ನೇಯುತ್ತಿದ್ದ ಮಗ್ಗ ನಿಂತಿತು. ಕೈ ನೋಡಿ ಎರಡು ಸಂಬಂಧ ತಿರುಗಿ ಹೋದವು. ಪರಿಹಾರದ ಕೇಸು ಹುನಗುಂದ ಕೋರ್ಟಿನಲ್ಲಿತ್ತು. ವಿಮಾ ಕಂಪನಿಯ ವಕೀಲರಂತೂ, ಇದೆಲ್ಲ ನಾಟಕ ಎಂದೇ ವಾದಿಸುತ್ತಿದ್ದರು.

ಅವಳು ನೋವು ನುಂಗಿ ಚಹಾ ಮಾಡಿದಳು.

"ನಾಕ ರೊಟ್ಟಿ ಬಡೀರಿ ನೋಡೂನು" ಎಂದ. ಬಡಿದಳು. "ಜಡಿ ಬಿಚ್ಚಿ ಮತ್ತ ಹಾಕ್ಕೋರಿ" ಎಂದಾಗ ನಾಚಿಕೆಯಿಂದ ಸತ್ತೇ ಹೋದಳು. ವರನ ಮಾತು ಮೀರಬಾರದೆಂದು ಗುರುಸಿದ್ದವ್ವ ತಾನೇ ಬಾಚಣಿಗೆ ತಂದುಕೊಟ್ಟಳು.

ವಿಚಿತ್ರವೆಂದರೆ, ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಜಡೆಯ ಕೊನೆಯಲ್ಲಿ ಬೆರಳು ತೊಡರಿದಾಗ ಅವನು ಮೆಲ್ಲಗೆ, "ಸಾವಕಾಶ ಮಾಡ್ರಿ, ಅವಸರ ಏನೂ ಇಲ್ಲ" ಎಂದಿದ್ದ. ವರ್ಷದಿಂದ ಯಾರೂ ಅವಳಿಗೆ ಆ ಮಾತು ಹೇಳಿರಲಿಲ್ಲ. ಅಯ್ಯೋ, ಇವರು ಒಪ್ಪಿದರೆ ಸಾಕು... ಎಂದುಕೊಂಡಳು.

ಆಮೇಲೆ ಅವನು ಪಡಸಾಲೆಯ ಮಗ್ಗದ ಮುಂದೆ ಬಹಳ ಹೊತ್ತು ಬಗ್ಗಿ ನಿಂತ. ಕೇಳಿ ಎರಡು ಫೋಟೋ ತೆಗೆದುಕೊಂಡ. ಕೊನೆಗೆ ಚೀಲದಿಂದ ಕಾಗದ ತೆಗೆದ.

"ಇಲ್ಲಿ ಸಹಿ ಮಾಡ್ರಿ. ನಿಮ್ಮ ವಕೀಲ ಶಿವಪ್ರಕಾಶ ಅವರು ಹೇಳಿರಬೇಕಲ್ಲ? ನಾ ಆಕ್ಯುಪೇಷನಲ್ ಥೆರಪಿಸ್ಟ್. ಪೆಟ್ಟಾದವರಿಗೆ ದಿನದ ಕೆಲಸ ಎಷ್ಟು ಮಾಡಾಕ ಬರ್ತೈತಿ ಅಂತ ನೋಡಿ ಕೋರ್ಟಿಗೆ ಹೇಳಾಂವ."

ಮಹಾನಂದಾ ಕಾಗದವನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು.

"ನೀವು... ವರ ಅಲ್ಲೇನ್ರಿ?"

ಅವನ ಕಿವಿ ಕೆಂಪಗಾದವು. "ನಾ ಕೈ ನೋಡಾಕ ಬಂದಾಂವ್ರಿ."

"ಹಂಗಾದ್ರ ಇಷ್ಟೊತ್ತು ಮಾಡಿದ್ದೆಲ್ಲಾ ಸುಳ್ಳು. ನೋವು ಮುಚ್ಚಿಟ್ಟು ಮಾಡೇನಿ. ಅದನ್ನ ಬರೀಬ್ಯಾಡ್ರಿ."

"ಹೇಳಿದ್ದನ್ನ ಬರಿಯಾಕ ಬರೂದಿಲ್ರಿ" ಎಂದ ಅವನು, ಅವಳ ಮುಖ ನೋಡದೆ. "ನಾ ನೋಡಿದ್ದಷ್ಟ ಬರೀತೇನಿ."

ನೋಡಿದ್ದೇನು? ಚಹಾ, ರೊಟ್ಟಿ, ಜಡೆ. ಮುಗಿಯಿತು! ತನ್ನ ಕೈಯಾರೆ ತಾನೇ ಕೇಸು ಕೆಡಿಸಿಕೊಂಡಿದ್ದಳು. ಚಿಕಿತ್ಸೆಯ ಖರ್ಚು ಹೋಗುವುದಿರಲಿ, ಇನ್ನು ಊರಿಗೆ ಊರೇ ಅವಳನ್ನು ನಾಟಕದವಳು ಎನ್ನುತ್ತದೆ. ಬರಬೇಕಿದ್ದ ವರನಂತೂ ಆ ದಿನ ಬರಲೇ ಇಲ್ಲ. ಕಲ್ಲು ಮನಸ್ಸಿನವನು ಎಂದು ತಿಂಗಳಿಡೀ ವಿಜಯಮಹಾಂತೇಶನನ್ನು ಬೈದಳು. ಬೈದಷ್ಟೂ "ಅವಸರ ಏನೂ ಇಲ್ಲ" ಎಂಬ ದನಿಯೇ ನೆನಪಾಗುತ್ತಿತ್ತು, ಕರ್ಮ.

ಕೋರ್ಟಿನಲ್ಲಿ ವಿಜಯಮಹಾಂತೇಶ ಸಾಕ್ಷಿಕಟ್ಟೆ ಏರಿದಾಗ ಕಂಪನಿಯ ವಕೀಲರು ನಗುತ್ತಲೇ ಎದ್ದರು. "ಚಹಾ ಮಾಡಿದ್ರು?"

"ಹೌದ್ರಿ."

"ರೊಟ್ಟಿ ಬಡಿದ್ರು? ಜಡಿ ಹಾಕ್ಕೊಂಡ್ರು?"

"ಹೌದ್ರಿ."

ಹಿಂದಿನ ಬೆಂಚಿನಲ್ಲಿ ಮಹಾನಂದಾ ಕಣ್ಣು ಮುಚ್ಚಿಕೊಂಡಳು.

"ಅಂದ್ರ ಕೈ ಚಲೋ ಐತಿ."

"ಇಲ್ರಿ. ನಾ ನೋಡಿದ್ದು ಇನ್ನೂ ಐತಿ."

ವಿಜಯಮಹಾಂತೇಶ ನ್ಯಾಯಾಧೀಶರ ಕಡೆ ತಿರುಗಿದ. "ಚಹಾದ ಬೋಗುಣಿ ಎತ್ತುವಾಗ ಅವರ ಹೆಬ್ಬೆರಳು ಮಡಚಲಿಲ್ಲ. ಅಂಗೈಯಿಂದ ಒತ್ತಿ ಹಿಡಿದ್ರು. ನಾ ಬರಿಯಾಕ ತಲಿ ಬಗ್ಗಿಸಿದಾಗೆಲ್ಲಾ ಎಡಗೈಗೆ ದಾಟಿಸಿದ್ರು. ನಾಕ ರೊಟ್ಟಿಗೆ ಬೆರಳು ಬಾತಿದ್ವು. ಅವರ ಮನಿಯಾಗ ಕೈ ಸುದ್ದಿ ಮುಚ್ಚಿಡೂ ಕಾರಣ ಬ್ಯಾರೆ ಇತ್ತು, ಅದನ್ನೂ ವರದಿಯೊಳಗ ಬರದೇನಿ."

ಅವನು ಫೋಟೋ ಮುಂದಿಟ್ಟ.

"ಇದು ಅವರ ಮಗ್ಗ. ಸೀರಿ ಒಡಲಿನ ಎಳಿಗೆ ಸೆರಗಿನ ಎಳಿ ಒಂದೊಂದಾಗಿ ಕೂಡಿಸೂದಕ್ಕ ಕೊಂಡಿ ಅಂತಾರ. ಕಮತಗಿಯೊಳಗ ನಮ್ಮವ್ವನೂ ಅದನ್ನ ಮಾಡಾಕಿ, ಅದಕ್ಕ ನನಗ ತಿಳೀತು. ಪೆಟ್ಟಿಗಿಂತ ಮೊದಲಿನ ಕೊಂಡಿ ಒಂದ ಸಮ ಅದಾವ. ಆಮ್ಯಾಲಿನವು ಒಂದು ಗೇಣೂ ಇಲ್ಲ, ಎಲ್ಲಾ ಸಡಿಲ. ಎಷ್ಟೋ ಎಳಿಯೊಳಗ ಹಲ್ಲಿನ ಗುರುತು ಅದಾವ."

ಅವನು ಫೋಟೋದ ಮೇಲೆ ಬೆರಳಿಟ್ಟ. "ನಾಟಕ ಮಾಡಾಕಿ ಯಾರೂ ನೋಡದಾಗ ಹಲ್ಲಿಲೆ ಎಳಿ ಕಟ್ಟೂದಿಲ್ರಿ."

ಮಹಾನಂದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅವ್ವ ಏಳುವ ಮೊದಲು, ದಿನಾ ನಸುಕಿನಲ್ಲಿ, ಒಂದೇ ಒಂದು ಎಳೆಯಾದರೂ ಕೂಡಿಸಲು ಅವಳು ಒದ್ದಾಡುತ್ತಿದ್ದುದು ಅವ್ವನಿಗೂ ಗೊತ್ತಿರಲಿಲ್ಲ. ಅವನಿಗೆ ಕಂಡಿತ್ತು.

ಹೊರಗೆ ಬೇವಿನ ನೆರಳಿನಲ್ಲಿ ಅವನನ್ನು ತಡೆದಳು. "ತಿಂಗಳಿಂದ ನಿಮ್ಮನ್ನ ಬೈಯಾಕತ್ತೇನಿ."

"ಅದಕ್ಕ ನೋಡ್ರಿ, ನನಗ ಬಿಕ್ಕಳಿಕಿ ನಿಂತಿದ್ದಿಲ್ಲ." ನಕ್ಕವನು ತಟ್ಟನೆ ಗಂಭೀರನಾದ. "ತೀರ್ಪು ಆಗೂ ತನಕ ನಾ ಸಾಕ್ಷಿ ಹೇಳಿದಾಂವ. ನಿಮ್ಮ ಜೋಡಿ ಮಾತಾಡೂದು ಸರಿ ಅಲ್ರಿ."

ಹೊರಟೇಹೋದ. ಅವಳ ನಗು ಅಲ್ಲೇ ಒಣಗಿತು. ಅಷ್ಟೇ ಏನು ನಾನು ಇವರಿಗೆ? ಒಂದು ಕೇಸು?

ನಾಲ್ಕು ತಿಂಗಳಿಗೆ ತೀರ್ಪು ಬಂತು. ಕೋರ್ಟು ಅವಳ ಕೈಯನ್ನು ನಂಬಿತ್ತು. ಪರಿಹಾರದ ಜೊತೆ ಚಿಕಿತ್ಸೆಯ ಖರ್ಚನ್ನೂ ಕೊಡಿಸಿತ್ತು. ಮಹಾನಂದಾ ಸಂತೋಷಪಟ್ಟಳು, ಆದರೆ ಕಿವಿ ಮಾತ್ರ ಬಾಗಿಲಲ್ಲೇ ಇತ್ತು.

ಮೇಲ್ಮನವಿಯ ಗಡುವೂ ಮುಗಿದ ಮೇಲೆ, ಒಂದು ಗುರುವಾರ ಬಾಗಿಲ ಸಪ್ಪಳವಾಯಿತು.

ಅವನೇ. ಈ ಸಲ ಕೈಯಲ್ಲಿ ಚೀಲವಿರಲಿಲ್ಲ. ಗುರುಸಿದ್ದವ್ವ ಬಾಯಿ ತೆರೆಯುವ ಮೊದಲೇ ಅವಸರದಿಂದ ಹೇಳಿದ. "ಅವ್ವಾರ, ಈ ಸಲ ಪೂರ್ತಿ ಹೇಳಾಕ ಬಿಡ್ರಿ. ನಾ ಹುಡುಗಿ ನೋಡಾಕ ಬಂದೇನಿ."

ಆ ಓಣಿಯಲ್ಲಿ ಗುರುಸಿದ್ದವ್ವನ ಮುಂದೆ ಮಾತು ಮುಗಿಸಿದ ಮೊದಲನೆಯವನು ಅವನೇ.

ಮಹಾನಂದಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. "ಹಂಗಾದ್ರ ಚಹಾ ನೀವ ಮಾಡ್ರಿ. ನಾ ನೋಡ್ತೇನಿ."

ಅವನು ಡಬ್ಬಿ ಹುಡುಕಿ, ಹಾಲು ಉಕ್ಕಿಸಿ, ಹೇಗೋ ಚಹಾ ಮಾಡಿದ. ಅವಳು ಬೇಕೆಂದೇ ಬಲಗೈಯಲ್ಲಿ ಕಪ್ಪು ಹಿಡಿದಳು. ಹಿಡಿತ ಜಾರಿ ಚಹಾ ಚೆಲ್ಲಿತು. ಅವಳು ಎಡಗೈಗೆ ದಾಟಿಸಲಿಲ್ಲ.

"ಬೆರಳು ಸ್ವಲ್ಪ ಮಡಚ್ತಾವು ಈಗ. ಆದ್ರ ಮೊದಲಿನಂಗ ಆಗೂದಿಲ್ಲ" ಎಂದಳು ನೆಲ ನೋಡುತ್ತ.

"ಗೊತ್ತೈತಿ. ಕೋರ್ಟಿನ್ಯಾಗ ಪ್ರಮಾಣ ಮಾಡಿ ನಾನ ಹೇಳೇನಿ." ಅವನು ಚೆಲ್ಲಿದ ಚಹಾ ಒರೆಸಿದ. "ಗೊತ್ತಿದ್ದ ಬಂದೇನಿ, ಮಹಾನಂದಾ."

ಅವಳ ಕಣ್ಣು ತುಂಬಿ ಬಂದವು. ಒಂದು ಗುಟುಕು ಕುಡಿದಳು.

"ಸಕ್ರಿ ಭಾಳ ಆಗೇತಿ. ಬರಕೋರಿ."

"ಕಾಗದ ತಂದಿಲ್ರಿ."

"ಹಂಗಾದ್ರ ನೆನಪಿಟ್ಟುಕೋರಿ" ಎಂದಳು ಮೆಲ್ಲಗೆ. "ಇನ್ನ ದಿನಾ ಬೇಕಾಗ್ತೈತಿ."