‘ತಿನ್ನು’ ಎಂದವರು ಯಾರು

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಠಾಣೆಗೆ ಬಂದ ದೂರುದಾರರನ್ನು ಕಂಡು ಇನ್‌ಸ್ಪೆಕ್ಟರ್ ಎದ್ದು ನಿಂತರು. ಪೊಲೀಸ್ ಶ್ವಾನದಳದಲ್ಲಿ ನಾಯಿಗಳನ್ನು ಪಳಗಿಸಿಯೇ ನಿವೃತ್ತರಾದ ಅವರನ್ನು ಇಲಾಖೆಯಲ್ಲಿ ಎಲ್ಲರೂ ಕರೆಯುತ್ತಿದ್ದುದು ‘ನಾಯಿ ಮೇಷ್ಟ್ರು’ ಎಂದೇ. ತಮ್ಮೊಂದಿಗೇ ನಿವೃತ್ತಿಯಾದ ನಾಯಿಯನ್ನು ಅವರು ಮನೆಯಲ್ಲಿಟ್ಟುಕೊಂಡಿದ್ದರು. ಭಾನುವಾರ ಅದನ್ನು ಕರೆದುಕೊಂಡು ಕೆರೆದಂಡೆಯ ಕ್ಯಾಂಪಿಗೆ ಹೋಗಿ ಟೆಂಟ್ ಹಾಕಿದ್ದರು. ಬೆಳಗಾಗುವಷ್ಟರಲ್ಲಿ ನಾಯಿ ಸತ್ತಿತ್ತು.

“ಯಾರ ಮೇಲಾದ್ರೂ ಅನುಮಾನ?”

“ಅಲ್ಲಿನ ವಾಚ್‌ಮನ್. ನಾಯಿ ಒಳಗೆ ಬಿಡಲ್ಲ ಅಂತ ಸಂಜೆ ಜಗಳ ತೆಗೆದ. ರಾತ್ರಿ ಕೋಳಿ ಮಾಂಸದಲ್ಲಿ ಏನೋ ಬೆರೆಸಿ ಎಸೆದಿದಾನೆ.”

“ಕಣ್ಣಾರೆ ನೋಡಿದ್ರಾ?”

“ನೋಡಿದ್ರೆ ಬಿಡ್ತಿದ್ನಾ?”

ಎಫ್‌ಐಆರ್ ಆಯಿತು. ಹತ್ತು ಗಂಟೆಗೆ ಸ್ಥಳ ಪಂಚನಾಮೆ: ಒಂದು ಟೆಂಟ್, ಒಂದು ಸ್ಟೌ, ತೊಳೆದಿಟ್ಟ ಪಾತ್ರೆ, ನಾಯಿಯ ಬಟ್ಟಲು. ವಾಚ್‌ಮನ್‌ನನ್ನು ಜೀಪಿಗೆ ಹತ್ತಿಸಿದರು.

“ಜಗಳ ಆಡಿದ್ದು ನಿಜ ಸಾರ್. ಆಮೇಲೆ ಪಾಪ ಅನ್ನಿಸಿ ಒಂದು ಬನ್ ಕೊಟ್ಟೆ. ಮೂಸಿ ಕೂಡ ನೋಡ್ಲಿಲ್ಲ.”

“ನಿನ್ನ ಬನ್ ನಾಯಿಗೂ ಸೇರ್ಲಿಲ್ವಾ?” ಎಂದು ಕಾನ್‌ಸ್ಟೇಬಲ್ ನಕ್ಕ.

ಇನ್‌ಸ್ಪೆಕ್ಟರ್ ನಗಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದೇ ನಾಯಿಗೆ ಬಿಸ್ಕತ್ತು ನೀಡಿ ಮೈದಾನದ ತುಂಬ ನಗೆಪಾಟಲಾಗಿದ್ದರು. “ನಾನು ‘ತಿನ್ನು’ ಅನ್ನದೆ ಪ್ರಾಣ ಹೋದ್ರೂ ಮುಟ್ಟಲ್ಲ” ಎಂದು ಅಂದು ಮೀಸೆ ತಿರುವಿದವರು ಇದೇ ಮೇಷ್ಟ್ರು. ಹಾಗಿದ್ದರೆ ಕತ್ತಲಲ್ಲಿ ಯಾರೋ ಎಸೆದ ಮಾಂಸವನ್ನು ಅದು ತಿಂದದ್ದು ಹೇಗೆ?

ಮಧ್ಯಾಹ್ನ ಪಶುವೈದ್ಯರ ವರದಿ ಬಂತು. ನಾಯಿ ತಿಂದಿದ್ದ ಮಾಂಸದಲ್ಲಿ ನಿದ್ದೆ ಮಾತ್ರೆ, ಹೊಟ್ಟೆಯಲ್ಲಿ ದೊಡ್ಡ ಗೆಡ್ಡೆ. “ತಿಂಗಳೂ ಬದುಕ್ತಿರಲಿಲ್ಲ, ತುಂಬ ನೋವು ತಿಂದಿದೆ” ಎಂದರು ವೈದ್ಯರು.

ಇನ್‌ಸ್ಪೆಕ್ಟರ್ ಮೇಷ್ಟ್ರ ಮನೆಗೆ ಹೋದಾಗ ಅವರ ಹೆಂಡತಿಯೊಬ್ಬರೇ ಇದ್ದರು.

“ಅದು ಯಾರ ಮಾತಿಗೆ ತಿಂತಿತ್ತಮ್ಮ?”

“ನಮ್ಮಿಬ್ಬರ ಮಾತಿಗೆ ಮಾತ್ರ.”

“ಮನೇಲಿ ನಿದ್ದೆ ಮಾತ್ರೆ ಇದೆಯಾ?”

“ನಂದಿತ್ತು. ನಿನ್ನೆಯಿಂದ ಕಾಣ್ತಿಲ್ಲ.”

“ಅವರನ್ನ ಕೇಳ್ಲಿಲ್ವಾ?”

“ನಮ್ಮಲ್ಲಿ ಮಾತಿಲ್ಲಪ್ಪ. ಮಗಳ ಮದುವೆ ವಿಷಯಕ್ಕೆ ನಿಂತಿದ್ದು, ನಿಂತೇ ಹೋಯ್ತು. ನಾಯಿ ಬಂದ್ಮೇಲೆ ಅದಕ್ಕೆ ಹೇಳ್ತಿದ್ವಿ. ‘ನಿನ್ನ ಯಜಮಾನರಿಗೆ ಹೇಳು, ಊಟಕ್ಕಿಟ್ಟಿದೆ’ ಅಂತ ನಾನು. ‘ನಿಮ್ಮಮ್ಮನಿಗೆ ಹೇಳು, ಉಪ್ಪು ಜಾಸ್ತಿ’ ಅಂತ ಅವರು.”

ಇನ್‌ಸ್ಪೆಕ್ಟರ್‌ಗೆ ನಗು ಬರುವುದರಲ್ಲಿತ್ತು. ಆಕೆ ಅಷ್ಟನ್ನೂ ಮೂಲೆಯ ಖಾಲಿ ಗೋಣಿತಾಟಿನ ಕಡೆ ನೋಡುತ್ತಲೇ ಹೇಳಿದ್ದು ಕಂಡು ಟೋಪಿ ತೆಗೆದುಕೊಂಡು ಎದ್ದರು.

ಮೇಷ್ಟ್ರು ಕೆರೆದಂಡೆಯಲ್ಲಿ ಟೆಂಟ್ ಬಿಚ್ಚುತ್ತಿದ್ದರು.

“‘ತಿನ್ನು’ ಅಂದಿದ್ದು ಯಾರು ಮೇಷ್ಟ್ರೇ?”

ಅವರು ಹಗ್ಗ ಸುತ್ತುವುದನ್ನು ನಿಲ್ಲಿಸಲಿಲ್ಲ. “ಅದರ ನರಳಾಟ ನೋಡಕ್ಕಾಗ್ಲಿಲ್ಲ. ಒಂದು ರಾತ್ರಿ ಬಯಲಲ್ಲಿ ಪಕ್ಕದಲ್ಲಿ ಮಲಗಿಸ್ಕೊಂಡು ಕಳಿಸೋಣ ಅಂದ್ಕೊಂಡೆ. ನಾನೇ ಅಂದೆ. ನನ್ನ ಮುಖ ನೋಡ್ಕೊಂಡೇ ತಿಂತು.”

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಲ್ಲ. ಆ ವಾಚ್‌ಮನ್ ಏನು ಮಾಡಿದ್ದ? ಮನೇಲಿ ನಿಜ ಹೇಳಿದ್ರೆ ಆಗ್ತಿತ್ತು.”

“ಯಾರ ಕೈಲಿ ಹೇಳಿಸ್ಲಿ?” ಎಂದರು ಮೇಷ್ಟ್ರು.

ಸುಳ್ಳು ದೂರು ಮತ್ತು ಪ್ರಾಣಿಹತ್ಯೆಯ ಆರೋಪದ ಮೇಲೆ ಸಂಜೆ ನಾಲ್ಕಕ್ಕೆ ಮೇಷ್ಟ್ರನ್ನು ದಸ್ತಗಿರಿ ಮಾಡಲಾಯಿತು. ಗುರುವೆಂದು ಕಂಡವರ ಕೈ ಹಿಡಿದು ಜೀಪು ಹತ್ತಿಸುವಾಗ ಇನ್‌ಸ್ಪೆಕ್ಟರ್‌ಗೆ ಅವರ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ವಾಚ್‌ಮನ್ ಬಿಡುಗಡೆಯಾಗಿ ಹೋದ. ಅಷ್ಟರಲ್ಲಿ ಕ್ಯಾಂಪಿನ ಗೇಟಿನಲ್ಲಿ ಬೇರೆ ಆಳು ಕೂತಾಗಿತ್ತು.

ಸಂಜೆ ಮೇಷ್ಟ್ರ ಹೆಂಡತಿ ಠಾಣೆಗೆ ಬಂದರು. ಲಾಕಪ್ಪಿನ ಸರಳುಗಳಾಚೆ, ಕೈಗೆಟುಕುವಷ್ಟು ಹತ್ತಿರದಲ್ಲಿ ಗಂಡ ನಿಂತಿದ್ದರು. ಆಕೆ ಅತ್ತ ನೋಡದೆ ಕಾನ್‌ಸ್ಟೇಬಲ್ ಕಡೆ ತಿರುಗಿದರು.

“ಅವರಿಗೆ ಹೇಳಪ್ಪ, ಜಾಮೀನಿಗೆ ನಾನು ಬರಲ್ಲ ಅಂತ.”

ಕಾನ್‌ಸ್ಟೇಬಲ್ ಇಬ್ಬರ ಮುಖವನ್ನೂ ನೋಡಿದ. ಅವನು ಹೇಳಲಿ ಎಂದು ಇಬ್ಬರೂ ಕಾಯುತ್ತಿದ್ದರು.