ಕ್ವಾರಲ್ ಅಂದರೆ ಜಗಳ, ಕ್ವೀನ್ ಅಂದರೆ...?

"ಮೇಡಂ, ನನ್ನ ಜೊತೆ ಸ್ವಲ್ಪ ಜಗಳ ಆಡ್ತೀರಾ?"

ಬೆಳಗ್ಗೆ ಬೆಳಗ್ಗೆಯೇ ಮೇಜಿನ ಮುಂದೆ ನಿಂತು ಹೀಗೆ ಕೇಳಿದವನನ್ನು ಅವಳು ಕಣ್ಣು ಬಿಟ್ಟು ನೋಡಿದಳು. ಹೆಗಲಿಗೆ ಬಣ್ಣ ಮೆತ್ತಿದ ಚೀಲ, ಕಿವಿಯ ಮೇಲೊಂದು ಪೆನ್ಸಿಲ್. ಗುರುತಿಲ್ಲ, ಪರಿಚಯವಿಲ್ಲ... ಇವನ ತಲೆ ನೆಟ್ಟಗಿದೆ ತಾನೇ?

"ಹುಚ್ಚು ಗಿಚ್ಚು ಹಿಡಿದಿದೆಯೇನ್ರೀ ನಿಮಗೆ?" ಎಂದು ಸಿಡುಕಿದಳು.

ಅವನು ಹಲ್ಲು ಕಿರಿದು, ನಿಂತಲ್ಲೇ ಸರಸರನೆ ಗೀಚತೊಡಗಿದ!

ಅವನು ಪ್ರೆಸ್ಸಿಗೆ ಬಂದ ಹೊಸ ಚಿತ್ರಗಾರ. ಆ ಪ್ರೆಸ್ಸಿನಲ್ಲಿ ಮಕ್ಕಳಿಗಾಗಿ ಇಂಗ್ಲಿಷ್ ಪದಗಳ ಚಿತ್ರದ ಕಾರ್ಡು ಮಾಡುತ್ತಿದ್ದರು. ಒಂದೊಂದು ಸೆಟ್ಟಿಗೆ ಒಂದೊಂದು ಜೋಡಿ ಅಕ್ಷರ. ಈ ಸಲ 'ಕ್ಯೂ' ಮತ್ತು ಅದರ ಬೆನ್ನು ಬಿಡದ 'ಯು'. ಪದ ಆರಿಸಿ ಅರ್ಥ ಬರೆಯುವ ಕೆಲಸ ಅವಳದು, ಹಾಗಾಗಿ ಎಲ್ಲರ ಬಾಯಲ್ಲೂ ಅವಳು 'ಡಿಕ್ಷನರಿ'. ಚಿತ್ರ ಅವನದು. ಆದರೆ ಯಜಮಾನರು ಅವನನ್ನು ಕರೆಸಿದ್ದು ಈ ಒಂದು ಸೆಟ್ಟಿಗೆ ಮಾತ್ರ.

ಅವನದೊಂದು ಹಟವಿತ್ತು. ಕಣ್ಣಾರೆ ಕಾಣದ್ದನ್ನು ಅವನು ಬರೆಯುತ್ತಲೇ ಇರಲಿಲ್ಲ. 'ಕ್ವಾರಲ್ ಅಂದರೆ ಜಗಳ' ಎಂದು ಅವಳು ಬರೆದುಕೊಟ್ಟಿದ್ದಳು. ಜಗಳ ಹುಡುಕಿಕೊಂಡು ಅವಳ ಹತ್ತಿರವೇ ಬಂದಿದ್ದ ಮಹಾನುಭಾವ!

ಮಧ್ಯಾಹ್ನ ಕಾರ್ಡು ಬಂತು. ಮೂಗಿನ ಹೊಳ್ಳೆ ಅರಳಿಸಿ, ಬೆರಳು ಎತ್ತಿ ನಿಂತವಳು ಸಾಕ್ಷಾತ್ ಅವಳೇ. ಪ್ರೆಸ್ಸಿನವರೆಲ್ಲ ಬಿದ್ದು ಬಿದ್ದು ನಕ್ಕರು. ಅವಳು ಮುಖ ಗಂಟಿಕ್ಕಲು ನೋಡಿದಳು, ಆಗಲಿಲ್ಲ. ಅವಳಿಗೂ ನಗು ಬಂದುಬಿಟ್ಟಿತು.

ಕ್ವಿಲ್ಟ್ ಅಂದರೆ ಕೌದಿ. ಅತ್ತಿಗೆ ಹೊಲಿದ ಕೌದಿಯನ್ನೇ ಅವಳು ತಂದುಕೊಟ್ಟಳು. ಮನೆಯಲ್ಲಿ ಅತ್ತಿಗೆ ಸುಮ್ಮನಿರುತ್ತಾರೆಯೇ? ಇವತ್ತು ಕೌದಿ ಕೊಟ್ಟೆ, ಮನಸ್ಸು ಯಾವತ್ತು ಕೊಡ್ತೀಯ ಎಂದು ಕಾಡಿಸಿದರು. ಕ್ಯೂ ಅಂದರೆ ಸರದಿ ಸಾಲು. ಅದನ್ನು ನೋಡಲು ಇಬ್ಬರೂ ಟಿಕೆಟ್ ಕಿಟಕಿಯ ಮುಂದೆ ನಿಂತರು. ಸರದಿ ಬಂದಾಗ, ಇನ್ನೂ ಸರಿಯಾಗಿ ನೋಡಿಲ್ಲ ಎಂದು ಅವನು ಅವಳನ್ನು ಮತ್ತೆ ಸಾಲಿನ ಬಾಲಕ್ಕೆ ಎಳೆದುಕೊಂಡು ಹೋದ. ಅವಳಿಗೂ ಮುಂದೆ ಹೋಗುವ ಆತುರವೇನೂ ಇರಲಿಲ್ಲ...

ಅಷ್ಟರಲ್ಲಿ ಬಂತು ಕ್ವೀನ್, ಅಂದರೆ ರಾಣಿ.

ಕಾರ್ಡಿನಲ್ಲಿ ನೀಳ ಜಡೆಯ, ದೊಡ್ಡ ಕಣ್ಣಿನ ಚೆಲುವೆಯೊಬ್ಬಳು ಕಿರೀಟವಿಟ್ಟು ನಿಂತಿದ್ದಳು. ನಮ್ಮ ಡಿಕ್ಷನರಿ ಕಾರ್ಡನ್ನು ಸರ್ರನೆ ಮಗುಚಿಟ್ಟಳು. ಕಾಣದ್ದನ್ನು ಬರೆಯದವನು ಇವಳನ್ನು ಎಲ್ಲಿ ಕಂಡ? ಎಷ್ಟು ಹತ್ತಿರದಿಂದ ಕಂಡ?

'ನನ್ನ ಪಾಲಿಗೆ ಜಗಳ... ರಾಣಿ ಪಟ್ಟ ಬೇರೆಯವಳಿಗೆ!'

ಅವಳು ಮಾತು ಬಿಟ್ಟಳು. ಅವನು ಕೇಳಿದ್ದಕ್ಕೆಲ್ಲ ಹೂಂ, ಉಹೂಂ ಅಷ್ಟೇ. ಇನ್ನು ಉಳಿದದ್ದು ಕ್ವೈಟ್ ಮತ್ತು ಕ್ವೆಶ್ಚನ್. ಕ್ವೆಶ್ಚನ್ ಬೇಡವೇ ಬೇಡ, ಕ್ವೈಟ್ ಬಂದರೆ ಸೆಟ್ ಮುಗಿಸಿಬಿಡಿ ಎಂದು ಯಜಮಾನರಿಗೆ ಹೇಳಿಬಂದಳು. ಹಾಗಾದರೆ ಇವತ್ತೇ ಅವನನ್ನು ಕಳಿಸಿಕೊಡೋಣ ಎಂದರು ಅವರು. ಆಗಲಿ ಎಂದವಳು ಮೇಜಿಗೆ ಬಂದು ಕೂತಳು.

ಮೇಜಿನ ಮೇಲೆ ಕ್ವೈಟ್ ಕಾರ್ಡು ಇತ್ತು. ಕ್ವೈಟ್ ಅಂದರೆ ಮೌನ.

ಚಿತ್ರದಲ್ಲಿ ತಲೆ ತಗ್ಗಿಸಿ ಕೂತವಳು ಮತ್ತೆ ಅವಳೇ. ಕೆನ್ನೆಗೆ ಜಾರಿದ ಕೂದಲು, ಬಿಗಿದ ತುಟಿ, ರೆಪ್ಪೆಯಂಚಿನಲ್ಲಿ ಒರೆಸಿಕೊಂಡೂ ಉಳಿದ ತೇವ. ಯಾರಿಗೂ ಕಾಣಲಿಲ್ಲವೆಂದುಕೊಂಡ ಸಂಕಟವೆಲ್ಲ ಅವನಿಗೆ ಕಂಡಿತ್ತು. ಬೇರೆ ರಾಣಿಯಿದ್ದವನು ನನ್ನನ್ನೇಕೆ ಹೀಗೆ ನೋಡುತ್ತಾನೆ?

ಅವಳು ದಡಬಡನೆ ಅವನ ಕೋಣೆಗೆ ನಡೆದಳು. ಅವನು ಕುಂಚ ತೊಳೆದು ಚೀಲಕ್ಕೆ ಹಾಕುತ್ತಿದ್ದ.

"ಆ ರಾಣಿ ಯಾರು?"

"ನಮ್ಮಕ್ಕ," ಎಂದ ಅವನು ಪಿಳಿಪಿಳಿ ನೋಡುತ್ತ. "ಕಾಲೇಜಿನ ನಾಟಕದಲ್ಲಿ ರಾಣಿ ಆಗಿದ್ಳು. ನಾನು ಕಣ್ಣಾರೆ ಕಂಡ ರಾಣಿ ಅವಳೊಬ್ಬಳೇ. ಈಗ ಅವಳಿ ಮಕ್ಕಳ ಹಿಂದೆ ಓಡೋದ್ರಲ್ಲೇ ಇದ್ದಾಳೆ."

ಅವಳು ಗೋಡೆಗೆ ಸಿಕ್ಕಿಸಿದ್ದ ಕಾರ್ಡನ್ನು ಈಗ ನೆಟ್ಟಗೆ ನೋಡಿದಳು. ರಾಣಿಯ ಮೇಲುಹೊದಿಕೆಗೆ ಎದ್ದು ಕಾಣುವ ಒಂದು ಸೇಫ್ಟಿ ಪಿನ್ನು! ಹೊಟ್ಟೆಕಿಚ್ಚಿನಲ್ಲಿ ಅವಳಿಗೆ ಅದು ಕಂಡೇ ಇರಲಿಲ್ಲ. ನಾಚಿಕೆಗೆ ನೆಲ ನೋಡಿದಳು, ನಗು ತಡೆಯಲಾಗದೆ ಬಾಯಿಗೆ ಕೈ ಅಡ್ಡ ಹಿಡಿದಳು.

"ಕ್ವೆಶ್ಚನ್ ಕಾರ್ಡು ಬೇಕು," ಎಂದಳು ಕೊನೆಗೆ. "ಬೇಡ ಅಂದಿದ್ದು ನನ್ನ ತಪ್ಪು. ಅದಿಲ್ಲದೆ ಸೆಟ್ ಮುಗಿಯಲ್ಲ."

"ಅದನ್ನ ಬರೆಯೋಕೆ, ಪ್ರಶ್ನೆ ಕೇಳಿಸಿಕೊಂಡವರ ಮುಖ ನೋಡಬೇಕಲ್ಲ?"

"ಕೇಳಿ ಮತ್ತೆ."

ಅವನು ಕಿವಿಯ ಮೇಲಿನ ಪೆನ್ಸಿಲ್ ತೆಗೆದ. ಖಾಲಿ ಕಾರ್ಡೊಂದನ್ನು ಮುಂದೆ ಇಟ್ಟುಕೊಂಡ.

"ನನ್ನನ್ನ ಮದುವೆ ಆಗ್ತೀರಾ?"

ಅವಳ ಕೆನ್ನೆ ಕೆಂಪೇರಿತು, ಕಣ್ಣು ತುಂಬಿ ಬಂತು.

"ಹಾಗೇ ಇರಿ... ಅಲ್ಲಾಡಬೇಡಿ," ಎಂದ ಅವನು ಮೆಲ್ಲಗೆ.

"ತಲೆ ಅಲ್ಲಾಡಿಸದೆ ಹೂಂ ಅನ್ನೋದು ಹೇಗ್ರೀ?"